ಓದುಗರ ಪ್ರಶ್ನೋತ್ತರ: ಯಾರನ್ನೂ ಆರಿಸದ ಹುಡುಗ, ಕೈಬಿಡಲೊಲ್ಲದ ಹುಡುಗಿ

ಜಪಾನಿನ ಲೈಟ್ ನಾವೆಲ್‌ಗಳ ಬಗ್ಗೆ, ಅದರಲ್ಲೂ ಒಬ್ಬ ಹುಡುಗನನ್ನು ಹಲವು ಹುಡುಗಿಯರು ಪ್ರೀತಿಸುವ ‘ಹರೆಮ್’ ಕಥೆಗಳ ಬಗ್ಗೆ ಈಚೆಗೆ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಪಿಯುಸಿ ಓದುತ್ತಿರುವ ನನ್ನ ಮಗ ಜಪಾನಿನ ಲೈಟ್ ನಾವೆಲ್‌ಗಳ ಇಂಗ್ಲಿಷ್ ಅನುವಾದಗಳನ್ನು ಒಂದಾದ ಮೇಲೊಂದರಂತೆ ಓದುತ್ತಾನೆ. ಏನಿದೆಯೋ ನೋಡೋಣವೆಂದು ನಾನೂ ಕೆಲವನ್ನು ಓದಿದೆ. ಎಲ್ಲದರಲ್ಲೂ ಒಬ್ಬ ಸಾಧಾರಣ ಹುಡುಗ, ಅವನ ಸುತ್ತ ಐದಾರು ಚೆಲುವೆಯರು, ಎಲ್ಲರಿಗೂ ಅವನೇ ಬೇಕು. ಅವನು ಮಾತ್ರ ಯಾರನ್ನೂ ಒಪ್ಪಿಕೊಳ್ಳುವುದಿಲ್ಲ, ಯಾರನ್ನೂ ನಿರಾಕರಿಸುವುದಿಲ್ಲ. ಏನೂ ಮಾಡದ ಇಂಥ ನಾಯಕನನ್ನು ಓದುವುದರಲ್ಲಿ ಯಾವ ಸುಖವಿದೆ? ತಾಯಿಯಾಗಿ ನಾನು ಚಿಂತೆಪಡಬೇಕೆ? (ಓದುಗರೊಬ್ಬರು, ಮೈಸೂರು)

ಉತ್ತರ: ನಾಯಕ ಏನೂ ಮಾಡುವುದಿಲ್ಲ ಎಂದು ತಾವು ಗುರುತಿಸಿದ್ದೀರಲ್ಲ, ಈ ಪ್ರಕಾರದ ಆಕರ್ಷಣೆ ಇರುವುದು ಅಲ್ಲಿಯೇ. ಹಲವು ಹೆಣ್ಣುಗಳು ಬೇಕೆಂಬ ಆಸೆಯನ್ನು ತಣಿಸುವ ಕಥೆಗಳಿವು ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಸಾಲಾಗಿ ಹಲವು ಸಂಪುಟಗಳನ್ನು ಓದಿದವರಿಗೆ ಅದರಡಿಯಲ್ಲಿ ಬೇರೊಂದು ಆಸೆ ಕಾಣತೊಡಗುತ್ತದೆ: ತಾನು ಕೇಳದೆಯೇ ತನ್ನನ್ನು ಯಾರಾದರೂ ಬಯಸಬೇಕು, ಬಾಯಿಬಿಟ್ಟು ಹೇಳಿ ‘ಇಲ್ಲ’ ಅನ್ನಿಸಿಕೊಳ್ಳುವ ಪ್ರಸಂಗವೇ ಬರಬಾರದು, ಹಾಗೆ ಒದಗಿಬಂದ ಪ್ರೀತಿಗೆ ತಾನು ಯಾವ ಬೆಲೆಯನ್ನೂ ತೆರಬೇಕಾಗಿರಬಾರದು. ಹದಿನಾರು ಹದಿನೇಳರ ವಯಸ್ಸಿನಲ್ಲಿ ನಿರಾಕರಣೆಯ ಭಯ ಎಷ್ಟು ದೊಡ್ಡದೆಂಬುದನ್ನು ನೆನೆದರೆ ಈ ಆಸೆಯನ್ನು ಹಗುರವಾಗಿ ಕಾಣಲು ಮನಸ್ಸಾಗುವುದಿಲ್ಲ.

ಲೈಟ್ ನಾವೆಲ್ ಎಂದರೆ ಅಂಗೈಯಲ್ಲಿ ಹಿಡಿಸುವ, ಎ6 ಅಳತೆಯ, ಮಾಂಗಾ (ಜಪಾನಿ ಕಾಮಿಕ್ಸ್) ಶೈಲಿಯ ಚಿತ್ರಗಳಿರುವ, ಸಂಭಾಷಣೆಯೇ ಹೆಚ್ಚಾಗಿರುವ ಕಾದಂಬರಿ. 1988ರಲ್ಲಿ ಆರಂಭವಾದ ಫುಜಿಮಿ ಫ್ಯಾಂಟಸಿಯಾ ಬುಂಕೊ, 1993ರ ದೆಂಗೆಕಿ ಬುಂಕೊ ಮೊದಲಾದ ಪುಸ್ತಕಮಾಲೆಗಳು ಶಾಲಾ ಕಾಲೇಜಿನ ಓದುಗರನ್ನು ಗುರಿಯಾಗಿಟ್ಟುಕೊಂಡು ಇದನ್ನು ಬೆಳೆಸಿದವು. ಮೊದಲ ಕೆಲವು ಪುಟಗಳು ಬಣ್ಣದ ಚಿತ್ರಗಳಾಗಿದ್ದು, ಕಥೆಯ ಮೊದಲ ವಾಕ್ಯಕ್ಕೆ ಬರುವ ಮುನ್ನವೇ ಓದುಗನು ನಾಯಕಿಯರೆಲ್ಲರ ಮುಖಪರಿಚಯ ಮಾಡಿಕೊಂಡಿರುತ್ತಾನೆ.

ಆದರೆ ಏನೂ ಮಾಡದ ನಾಯಕನ ಬೇರು ಪುಸ್ತಕಗಳಿಗಿಂತ ಹೆಚ್ಚಾಗಿ ವಿಡಿಯೊ ಗೇಮ್‌ಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಕೊನಾಮಿ ಸಂಸ್ಥೆ 1994ರಲ್ಲಿ ಹೊರತಂದ ‘ತೊಕಿಮೆಕಿ ಮೆಮೋರಿಯಲ್’ ಎಂಬ ಆಟದಲ್ಲಿ ಆಟಗಾರನು ಪ್ರೌಢಶಾಲೆಯ ಮೂರು ವರ್ಷಗಳನ್ನು ಕಳೆಯಬೇಕು. ಓದು, ವ್ಯಾಯಾಮ, ಭೇಟಿಗಳನ್ನು ಸರಿದೂಗಿಸಿಕೊಂಡು ಹೋದರೆ, ಬೀಳ್ಕೊಡುಗೆಯ ದಿನ ಶಾಲೆಯ ಅಂಗಳದ ಐತಿಹ್ಯದ ಮರದ ಕೆಳಗೆ ಹುಡುಗಿಯೊಬ್ಬಳು ಬಂದು ತನ್ನ ಪ್ರೀತಿಯನ್ನು ಹೇಳಿಕೊಳ್ಳುತ್ತಾಳೆ. ಹೇಳಿಕೊಳ್ಳುವವಳು ಅವಳು, ಅವನಲ್ಲ. ಆದರೂ ಆ ಆಟದಲ್ಲಿ ಒಂದು ನಿಷ್ಠುರ ನಿಯಮವಿತ್ತು. ಪರಿಚಯ ಮಾಡಿಕೊಂಡ ಹುಡುಗಿಯನ್ನು ಬಹಳ ಕಾಲ ಕಡೆಗಣಿಸಿದರೆ ಅವಳ ಹೆಸರಿನ ಬಳಿ ಬಾಂಬಿನ ಗುರುತು ಮೂಡುತ್ತಿತ್ತು. ಅದು ಸಿಡಿದರೆ ಉಳಿದ ಹುಡುಗಿಯರ ಕಣ್ಣಿನಲ್ಲೂ ಆಟಗಾರನ ಬೆಲೆ ಇಳಿಯುತ್ತಿತ್ತು. ಎಲ್ಲರನ್ನೂ ಕೈಯಲ್ಲಿಟ್ಟುಕೊಳ್ಳಲು ಹೊರಟವನು ತೆರಬೇಕಾದ ಬೆಲೆಯನ್ನು ಆಟವೇ ಲೆಕ್ಕವಿಟ್ಟು ವಸೂಲು ಮಾಡುತ್ತಿತ್ತು.

ಅನಂತರ ಬಂದ ಕಥಾಪ್ರಧಾನ ಗೇಮ್‌ಗಳಲ್ಲಿ ಪ್ರತಿ ನಾಯಕಿಗೂ ಒಂದೊಂದು ದಾರಿ, ಅಭಿಮಾನಿಗಳ ಮಾತಿನಲ್ಲಿ ‘ರೂಟ್’. ಒಬ್ಬಳ ರೂಟ್ ಹಿಡಿದರೆ ಆ ಸಲ ಉಳಿದವರ ಕಥೆ ಮುಚ್ಚಿದ ಬಾಗಿಲು. ಆಟವನ್ನು ಮತ್ತೆ ಮೊದಲಿನಿಂದ ಆಡಿದರೆ ಇನ್ನೊಬ್ಬಳ ಬಾಗಿಲು ತೆರೆಯುತ್ತದೆ. ಕಾದಂಬರಿಯಲ್ಲಿ ಹೀಗೆ ಹಿಂದಿರುಗಿ ಬರಲಾಗದು, ಅಲ್ಲಿರುವುದು ಒಂದೇ ದಾರಿ. ಗೇಮ್‌ನ ಅಷ್ಟೂ ನಾಯಕಿಯರನ್ನು ಈ ಒಂದೇ ದಾರಿಗೆ ತಂದು ನಿಲ್ಲಿಸಿದಾಗ, ನಾಯಕ ಯಾರನ್ನಾದರೂ ಆರಿಸಿದ ಕ್ಷಣವೇ ಉಳಿದವರ ಕಥೆಗಳೆಲ್ಲ ಮುಗಿದುಹೋಗುತ್ತವೆ. ಸರಣಿ ಜನಪ್ರಿಯವಾದಷ್ಟೂ ಪ್ರಕಾಶಕರಿಗೆ ಅದನ್ನು ಮುಗಿಸಲು ಮನಸ್ಸಿರುವುದಿಲ್ಲ. ಹೀಗಾಗಿ ಹುಡುಗನಿಗೆ ಕಣ್ಣಿದ್ದೂ ಕಾಣದ, ಕಿವಿಯಿದ್ದೂ ಕೇಳದ ಸ್ವಭಾವವನ್ನು ಅಂಟಿಸಲಾಗುತ್ತದೆ. ಹುಡುಗಿ ಪ್ರೀತಿಯ ಮಾತು ಆಡುವ ಹೊತ್ತಿಗೆ ಸರಿಯಾಗಿ ಗಾಳಿ ಬೀಸುತ್ತದೆ, ರೈಲು ಹಾದುಹೋಗುತ್ತದೆ, ಅವನು ‘ಏನಂದೆ?’ ಎಂದು ಕೇಳುತ್ತಾನೆ.

ಈ ‘ಏನಂದೆ?’ಯನ್ನು ಒಳಗಿನಿಂದಲೇ ಪ್ರಶ್ನಿಸಿದ ಕೃತಿಯೊಂದಿದೆ. ಹಿರಸಾಕಾ ಯೋಮಿ ಅವರು 2009ರಿಂದ 2015ರವರೆಗೆ ಬರೆದ ‘ಬೊಕು ವಾ ತೊಮೊದಾಚಿ ಗ ಸುಕುನೈ’ ಸರಣಿಯ ನಾಯಕ ಕೊದಾಕಾ ಸಂಪುಟದಿಂದ ಸಂಪುಟಕ್ಕೆ ಹೀಗೆಯೇ ಕೇಳಿಸದವನಂತೆ ಸಾಗಿಬರುತ್ತಾನೆ. ಕೊನೆಗೆ ಸೆನಾ ಎಂಬ ಹುಡುಗಿ ಎಲ್ಲರೆದುರು ತನ್ನ ಪ್ರೀತಿಯನ್ನು ಹೇಳಿಬಿಟ್ಟಾಗ ಉತ್ತರ ಕೊಡದೆ ಓಡಿಹೋಗುತ್ತಾನೆ. ಅವನನ್ನು ಅಡ್ಡಗಟ್ಟುವವಳು ಗುಂಪಿನಲ್ಲಿ ಅತ್ಯಂತ ವಿಚಿತ್ರಳೆನಿಸಿಕೊಂಡ ರಿಕಾ. ಅವನಿಗೆ ಎಲ್ಲವೂ ಗೊತ್ತಿತ್ತು, ಗೊತ್ತಿಲ್ಲದವನಂತೆ ನಟಿಸಿದ, ಏಕೆಂದರೆ ಈಗಿರುವ ಹಿತವಾದ ವ್ಯವಸ್ಥೆ ಒಡೆಯುವುದು ಅವನಿಗೆ ಬೇಕಿರಲಿಲ್ಲ ಎಂಬುದನ್ನು ಅವಳು ಮುಖಕ್ಕೆ ಹೊಡೆದಂತೆ ಎತ್ತಿ ತೋರಿಸುತ್ತಾಳೆ. ಅಲ್ಲಿಯವರೆಗೆ ನಗುತ್ತ ಓದಿದ ಓದುಗನಿಗೂ ಆ ಮಾತು ತಗಲುತ್ತದೆ. ಆ ವ್ಯವಸ್ಥೆ ಹಾಗೆಯೇ ಮುಂದುವರಿಯಲಿ ಎಂದು ಬಯಸಿ ಮುಂದಿನ ಸಂಪುಟಕ್ಕೆ ಕಾದಿದ್ದವನು ಅವನೂ ಹೌದಲ್ಲವೇ?

ಚಿಂತೆಯ ವಿಷಯ. ಜಪಾನಿನ ಜನಸಂಖ್ಯೆ ಮತ್ತು ಸಾಮಾಜಿಕ ಭದ್ರತೆಯ ರಾಷ್ಟ್ರೀಯ ಸಂಶೋಧನಾ ಸಂಸ್ಥೆ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 18ರಿಂದ 34 ವಯಸ್ಸಿನ ಅವಿವಾಹಿತ ಗಂಡಸರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ, ಹೆಂಗಸರಲ್ಲಿ 60ಕ್ಕೂ ಹೆಚ್ಚು ಮಂದಿ ತಮಗೆ ಸಂಗಾತಿಯಿಲ್ಲ ಎಂದಿದ್ದಾರೆ. ಇದನ್ನು ಹಿಡಿದು, ಪುಸ್ತಕಗಳೇ ಯುವಜನರನ್ನು ಒಂಟಿಯಾಗಿಸಿದವು ಎನ್ನುವವರಿದ್ದಾರೆ. ದುಡಿಮೆಯ ಅವಧಿ, ನೌಕರಿಯ ಅಭದ್ರತೆ, ಮನೆ ನಡೆಸುವ ಖರ್ಚು ಇವೆಲ್ಲವನ್ನೂ ಬದಿಗಿಟ್ಟು ಪುಸ್ತಕವನ್ನು ದೂಷಿಸುವುದು ಅನ್ಯಾಯ. ಒಂಟಿತನ ಇದ್ದಲ್ಲಿ ಈ ಪುಸ್ತಕಗಳಿಗೆ ಓದುಗರು ಹುಟ್ಟುತ್ತಾರೆ ಎಂದರೆ ಸತ್ಯಕ್ಕೆ ಹತ್ತಿರವಾದೀತು. ತಮ್ಮ ಮಗನ ಓದನ್ನು ತಡೆಯಬೇಡಿ. ಅವನು ಮೆಚ್ಚಿದ ಪಾತ್ರ ಯಾವುದು, ಆ ಹುಡುಗಿಗೆ ನಾಯಕನನ್ನು ಬಿಟ್ಟು ಬದುಕಿನಲ್ಲಿ ಬೇರೇನು ಇದೆ ಎಂದು ಒಮ್ಮೆ ಕೇಳಿ ನೋಡಿ. ತಾವೂ ಆ ಪುಸ್ತಕಗಳನ್ನು ಓದಿರುವುದರಿಂದ ಅವನಿಗೆ ಅದು ವಿಚಾರಣೆ ಅನ್ನಿಸಲಾರದು.

ಪ್ರಶ್ನೆ: ಪ್ರೀತಿಸಿದವನಿಗಾಗಿ ಕೊಲೆಗೂ ಹೇಸದ ‘ಯಾಂಡೆರೆ’ ಹುಡುಗಿಯರ ಪಾತ್ರಗಳಿಗೆ ನನ್ನ ಗೆಳೆಯರ ಬಳಗದಲ್ಲಿ ತುಂಬಾ ಅಭಿಮಾನಿಗಳಿದ್ದಾರೆ. ನಿಜಜೀವನದಲ್ಲಿ ಇಂಥವರು ಎದುರಾದರೆ ಓಡಿಹೋಗುವ ನಾವು ಪುಸ್ತಕದಲ್ಲಿ ಏಕೆ ಮೆಚ್ಚುತ್ತೇವೆ? ಇದು ಈಗಿನ ಕಾಲದ ವಿಕೃತಿಯೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ)

ಉತ್ತರ: ಈಗಿನ ಕಾಲದ್ದಂತೂ ಅಲ್ಲ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಅರಮನೆಯ ಪರಿಚಾರಿಕೆಯಾಗಿದ್ದ ಮುರಸಾಕಿ ಶಿಕಿಬು ಬರೆದ, 54 ಅಧ್ಯಾಯಗಳ ‘ಗೆಂಜಿ ಮೊನೊಗತಾರಿ’ಯಲ್ಲಿ ರೊಕುಜೋ ಎಂಬ ವಿಧವೆ ಬರುತ್ತಾಳೆ. ಹೆಚ್ಚು ಓದಿದವಳು, ಘನತೆವೆತ್ತವಳು, ತನಗಿಂತ ಕಿರಿಯನಾದ ಕಥಾನಾಯಕ ಗೆಂಜಿಯ ಪ್ರೇಯಸಿ. ಅವನ ಮನಸ್ಸು ತನ್ನಿಂದ ಸರಿಯುತ್ತಿದೆಯೆಂದು ತಿಳಿದ ಹೊತ್ತಿನಲ್ಲೇ, ಕಾಮೊ ಉತ್ಸವದ ಜನಸಂದಣಿಯಲ್ಲಿ ಅವನ ಪತ್ನಿ ಅವೊಯಿಯ ಸೇವಕರು ಇವಳ ಬಂಡಿಯನ್ನು ಹಿಂದಕ್ಕೆ ತಳ್ಳಿ ಅವಮಾನ ಮಾಡುತ್ತಾರೆ. ಮುಂದೆ ಅವೊಯಿ ಹೆರಿಗೆಯ ನೋವಿನಲ್ಲಿರುವಾಗ ಯಾವುದೋ ಆತ್ಮ ಅವಳ ಮೈಮೇಲೆ ಬರುತ್ತದೆ, ಪುರೋಹಿತರು ಅದನ್ನು ಬಿಡಿಸಲು ಹೋಮ ಮಾಡುತ್ತಾರೆ. ದೂರದ ತನ್ನ ಮನೆಯಲ್ಲಿ ಮಂಪರಿನಿಂದೆದ್ದ ರೊಕುಜೋಗೆ ತನ್ನ ಬಟ್ಟೆಯಲ್ಲಿ ಆ ಹೋಮದ ಬೀಜಗಳ ಘಾಟು ಹತ್ತಿರುವುದು ಗೊತ್ತಾಗುತ್ತದೆ. ತಲೆಗೂದಲನ್ನು ತೊಳೆಯುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ವಾಸನೆ ಹೋಗುವುದಿಲ್ಲ. ತನಗೇ ಅರಿವಿಲ್ಲದೆ ತನ್ನ ಜೀವಂತ ಆತ್ಮ ದೇಹವನ್ನು ಬಿಟ್ಟುಹೋಗಿ ಇನ್ನೊಬ್ಬಳನ್ನು ಪೀಡಿಸುತ್ತಿದೆ ಎಂದು ಅವಳು ತಿಳಿಯುವುದು ಹೀಗೆ. ಗೀಳಾದ ಪ್ರೀತಿಯ ಬಗ್ಗೆ ಇದಕ್ಕಿಂತ ನಿಖರವಾದ ಪುಟಗಳನ್ನು ನಾನು ಓದಿಲ್ಲ. ಅವಳು ಕೇಡಿಯಲ್ಲ, ತನ್ನನ್ನು ಕಂಡು ತಾನೇ ನಾಚುವವಳು.

ವಾಕಾಯಾಮಾ ಪ್ರಾಂತದ ದೋಜೋಜಿ ದೇವಾಲಯದ ಐತಿಹ್ಯ ಇನ್ನೂ ಉಗ್ರವಾದುದು. ಕುಮಾನೊ ಯಾತ್ರೆಗೆ ಹೊರಟ ಆಂಚಿನ್ ಎಂಬ ತರುಣ ಸನ್ಯಾಸಿ ತನ್ನನ್ನು ಮೋಹಿಸಿದ ಕಿಯೊಹಿಮೆಗೆ, ಹಿಂದಿರುಗುವಾಗ ಬರುತ್ತೇನೆಂದು ಮಾತು ಕೊಟ್ಟು ತಪ್ಪಿಸಿಕೊಳ್ಳುತ್ತಾನೆ. ಬೆನ್ನಟ್ಟಿದವಳು ಹಿದಕಾ ನದಿಯನ್ನು ದಾಟುವಷ್ಟರಲ್ಲಿ ಸರ್ಪವಾಗಿರುತ್ತಾಳೆ. ದೇವಾಲಯದ ದೊಡ್ಡ ಗಂಟೆಯೊಳಗೆ ಅಡಗಿದ ಅವನನ್ನು, ಗಂಟೆಗೆ ಸುತ್ತಿಕೊಂಡು ಸುಟ್ಟುಬಿಡುತ್ತಾಳೆ. ನೋ ಮತ್ತು ಕಬುಕಿ ರಂಗಭೂಮಿಗಳಲ್ಲಿ ಈ ಕಥೆಯನ್ನು ಆಧರಿಸಿದ ಪ್ರಯೋಗಗಳು ಇಂದಿಗೂ ನಡೆಯುತ್ತವೆ. ಇಲ್ಲಿ ನೆನಪಿಡಬೇಕಾದುದು ಆ ಮಾತು. ಸರ್ಪ ಹುಟ್ಟುವ ಮೊದಲು ಒಂದು ಸುಳ್ಳು ಹುಟ್ಟಿತ್ತು.

ಇನ್ನು ನಿಮ್ಮ ಬಳಗದ ಅಭಿಮಾನಕ್ಕೆ ಬರೋಣ. ಈ ಮಾದರಿಯ ಪಾತ್ರಗಳಿಗೆಲ್ಲ ಲಾಂಛನದಂತಾಗಿರುವ ಗಸಾಯ್ ಯುನೊ ಲೈಟ್ ನಾವೆಲ್‌ನವಳಲ್ಲ, 2006ರಿಂದ 2010ರವರೆಗೆ ಬಂದ ‘ಮಿರೈ ನಿಕ್ಕಿ’ ಎಂಬ ಮಾಂಗಾದವಳು. ಅವಳ ಫೋನಿನ ದಿನಚರಿಯಲ್ಲಿ ತಾನು ಪ್ರೀತಿಸುವ ಹುಡುಗ ಯುಕಿತೆರು ಏನು ಮಾಡುತ್ತಿದ್ದಾನೆಂಬುದು ಹತ್ತು ಹತ್ತು ನಿಮಿಷಕ್ಕೊಮ್ಮೆ ದಾಖಲಾಗಿರುತ್ತದೆ. ಯಾರೂ ತನ್ನನ್ನು ಗಮನಿಸುವುದಿಲ್ಲವೆಂದು ನಂಬಿರುವ ಹುಡುಗನೊಬ್ಬನಿಗೆ, ಹತ್ತು ನಿಮಿಷವೂ ಬಿಡದೆ ತನ್ನನ್ನೇ ನೋಡುತ್ತಿರುವ ಜೀವವೊಂದಿದೆ ಎಂಬ ಕಲ್ಪನೆಯಲ್ಲಿ ಭಯ ಎಷ್ಟಿದೆಯೋ ನೆಮ್ಮದಿಯೂ ಅಷ್ಟೇ ಇದೆ. ಮೊದಲ ಪ್ರಶ್ನೆಯ ಉತ್ತರದಲ್ಲಿ ಹೇಳಿದ ಆಸೆಯೇ ಇಲ್ಲಿ ತನ್ನ ತುದಿ ಮುಟ್ಟಿದೆ. ಅಲ್ಲಿ ಕೇಳದೆ ಬಂದ ಪ್ರೀತಿ, ಇಲ್ಲಿ ಏನು ಮಾಡಿದರೂ ಬಿಟ್ಟುಹೋಗದ ಪ್ರೀತಿ. ಹುಡುಗ ದಡ್ಡನಾಗಲಿ, ಹೇಡಿಯಾಗಲಿ, ಅವಳು ಮಾತ್ರ ಹೋಗುವುದಿಲ್ಲ. ಆದರೆ ಯುನೊಳ ಹಿಂದೆ ಸಾಕಿದ ತಂದೆತಾಯಿಯೇ ಪಂಜರದಲ್ಲಿ ಕೂಡಿಹಾಕಿ ಹಿಂಸಿಸಿದ ಬಾಲ್ಯವೊಂದಿದೆ, ಅದನ್ನು ಕಥೆ ಮರೆಯುವುದಿಲ್ಲ. ಮರೆಯುವವರು ಅವಳ ಚಿತ್ರವನ್ನಷ್ಟೇ ಎತ್ತಿಕೊಂಡ ಮುಂದಿನ ಅನುಕರಣೆಗಳು.

ಹರೆಮ್ ಲೈಟ್ ನಾವೆಲ್‌ಗಳಲ್ಲಿ ಆಗಿರುವುದು ಇದೇ. ಚಿಂತಕ ಅಝುಮಾ ಹಿರೋಕಿ 2001ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ, ಈ ಸಂಸ್ಕೃತಿಯ ಅಭಿಮಾನಿಗಳು ಕಥೆಗಿಂತ ಹೆಚ್ಚಾಗಿ ಪಾತ್ರಗಳ ಬಿಡಿ ಲಕ್ಷಣಗಳನ್ನು ಒಂದು ದತ್ತಾಂಶಕೋಶದಿಂದ ಆಯ್ದುಕೊಂಡಂತೆ ಆಸ್ವಾದಿಸುತ್ತಾರೆ ಎಂದು ವಾದಿಸಿದ್ದರು. ಸಿಡುಕಿ ಒಬ್ಬಳು, ಮೌನಿ ಒಬ್ಬಳು, ಬಾಲ್ಯದ ಗೆಳತಿ ಒಬ್ಬಳು ಎಂದು ಸಾಲುಗಟ್ಟಿದ ಗುಂಪಿನಲ್ಲಿ ಯಾಂಡೆರೆಯೂ ಒಬ್ಬಳಾಗಿ ನಿಂತಾಗ, ಅವಳ ಚಾಕು ಆಟಿಕೆಯಾಗುತ್ತದೆ, ಅವಳ ನೋವಿಗೆ ಕಾರಣ ಬೇಕಾಗುವುದಿಲ್ಲ. ನನ್ನ ತಕರಾರು ಇರುವುದು ಇದಕ್ಕೆ. ಗೀಳನ್ನು ಬರೆಯಬಾರದು ಎಂದಲ್ಲ, ರೊಕುಜೋಳ ಕೂದಲಿನ ವಾಸನೆಯಷ್ಟು ಗಂಭೀರವಾಗಿ ಬರೆಯಬೇಕು.

ಇಂಥ ಗಂಭೀರತೆ ಒಮ್ಮೆ ಅನಿರೀಕ್ಷಿತ ಕಡೆಯಿಂದ ಬಂತು. 2005ರಲ್ಲಿ ಬಂದ ವಯಸ್ಕರ ಗೇಮ್ ‘ಸ್ಕೂಲ್ ಡೇಸ್’ನ ನಾಯಕ ಮಕೊತೊ ಹರೆಮ್ ನಾಯಕರಂತೆಯೇ ಯಾರಿಗೂ ಇಲ್ಲವೆನ್ನಲಾರದವನು. ಅವನ ತೀರ್ಮಾನವಿಲ್ಲದ ನಡತೆ ಇಬ್ಬರು ಹುಡುಗಿಯರನ್ನು ಹಂತಹಂತವಾಗಿ ಒಡೆಯುತ್ತದೆ. ಅದರ 2007ರ ಅನಿಮೆ (ಆನಿಮೇಷನ್ ಧಾರಾವಾಹಿ) ರೂಪ ಅವನ ಕೊಲೆಯಲ್ಲಿ ಮುಗಿಯುತ್ತದೆ. ನಿರೂಪಣೆ ಕ್ರೂರವಾಗಿದ್ದರೂ ಕಾರ್ಯಕಾರಣ ಅಲ್ಲಿ ಸ್ಪಷ್ಟವಾಗಿತ್ತು: ಆರಿಸದ ಹುಡುಗನೂ ಬಿಡಲೊಲ್ಲದ ಹುಡುಗಿಯೂ ಒಂದೇ ಕಥೆಯ ಎರಡು ಮುಖಗಳು.

ಇನ್ನೊಂದು ಮಾತನ್ನು ಹೇಳದೆ ಈ ಉತ್ತರ ಮುಗಿಸಲಾರೆ. ಕಥೆಗಳಲ್ಲಿ ಬೆನ್ನಟ್ಟುವವಳು ಹುಡುಗಿ. ಜಪಾನಿನ ವಾಸ್ತವದಲ್ಲಿ ಇಂಥ ಪೀಡನೆಗೆ ಒಳಗಾದವರಲ್ಲಿ ಬಹುಪಾಲು ಹೆಂಗಸರು. 1999ರ ಅಕ್ಟೋಬರಿನಲ್ಲಿ ಸೈತಾಮಾ ಪ್ರಾಂತದ ಒಕೆಗಾವಾದ ರೈಲು ನಿಲ್ದಾಣದೆದುರು ಕಾಲೇಜು ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಸಂಬಂಧ ಕಡಿದುಕೊಂಡ ಬಳಿಕವೂ ಬಿಡದೆ ಕಾಡಿದವನ ಬಗ್ಗೆ ಅವಳೂ ಅವಳ ಮನೆಯವರೂ ಪೊಲೀಸರಿಗೆ ದೂರು ಕೊಟ್ಟಿದ್ದರೂ ತಕ್ಕ ರಕ್ಷಣೆ ಸಿಕ್ಕಿರಲಿಲ್ಲ. ಆ ಪ್ರಕರಣದ ಆಕ್ರೋಶದಿಂದಲೇ 2000ದಲ್ಲಿ ಹಿಂಬಾಲಿಸಿ ಪೀಡಿಸುವುದನ್ನು ತಡೆಯುವ ಕಾನೂನು ಬಂತು. ಮುಂದೆ ಮಿಂಚಂಚೆ, ಸಾಮಾಜಿಕ ಜಾಲತಾಣ, ಜಿಪಿಎಸ್ ಸಾಧನಗಳ ಮೂಲಕ ಕಾಡುವುದನ್ನೂ ತಿದ್ದುಪಡಿಗಳು ಅದರ ವ್ಯಾಪ್ತಿಗೆ ತಂದವು. ಯುನೊಳ ದಿನಚರಿಯನ್ನು ಮೆಚ್ಚುವಾಗ, ಆ ದಿನಚರಿ ಬರೆಯುವವನು ಗಂಡಸಾಗಿ, ಅದರ ಪ್ರತಿ ಸಾಲಿನಲ್ಲೂ ತನ್ನ ಹೆಸರನ್ನು ಕಾಣುವವಳು ನಿಮ್ಮ ಸಹಪಾಠಿಯಾಗಿದ್ದರೆ ಹೇಗಿರುತ್ತದೆಂದು ಯೋಚಿಸಿ. ಪಾತ್ರದ ಮೇಲಿನ ಅಭಿಮಾನ ಇದರಿಂದ ಕಡಿಮೆಯಾಗಬೇಕಾಗಿಲ್ಲ, ಆದರೆ ಓದು ಬೇರೆಯಾಗುತ್ತದೆ.

ಪ್ರಶ್ನೆ: ಗಂಡಸರು ಗಂಡಸರಿಗಾಗಿ ಬರೆದ ಈ ಪುಸ್ತಕಗಳಲ್ಲಿ ಹೆಣ್ಣಿಗೆ ಸ್ವಂತ ಬದುಕೇ ಇಲ್ಲ. ಇವನ್ನು ಸಾಹಿತ್ಯವೆಂದು ಚರ್ಚಿಸುವುದೇ ತಪ್ಪಲ್ಲವೇ? (ಪದವಿ ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ನಿಮ್ಮ ಕೋಪದ ಅರ್ಧಭಾಗ ನನ್ನದೂ ಹೌದು. 2004ರಲ್ಲಿ ಶುರುವಾದ ‘ಶೋಸೆತ್ಸುಕಾ ನಿ ನಾರೋ’ ಎಂಬ ತಾಣದಲ್ಲಿ ಯಾರು ಬೇಕಾದರೂ ಕಾದಂಬರಿ ಪ್ರಕಟಿಸಬಹುದು. ಅಲ್ಲಿಂದ ಹೊರಟು ಮುದ್ರಣಕ್ಕೆ ಬಂದ ಅನ್ಯಲೋಕದ ಕಥೆಗಳಲ್ಲಿ, ಅಂದರೆ ‘ಇಸೆಕೈ’ಗಳಲ್ಲಿ, ನಾಯಕ ಹಣ ಕೊಟ್ಟು ಗುಲಾಮಳನ್ನು ಕೊಂಡು, ಅವಳು ಕೃತಜ್ಞತೆಯಿಂದ ಅವನನ್ನು ಪ್ರೀತಿಸುವ ಕಥೆಗಳು ಸಾಕಷ್ಟಿವೆ. ಬಿಟ್ಟುಹೋಗಲು ಆಗದವಳ ಪ್ರೀತಿಯನ್ನು ಪ್ರೀತಿಯೆಂದು ಕರೆಯಲು ನನ್ನಿಂದಾಗದು. ಆಸೆಪೂರೈಕೆಯ ಹೆಸರಿನಲ್ಲಿ ಇದಕ್ಕೆ ವಿನಾಯಿತಿ ಕೊಡಲೂ ಆಗದು.

ಆದರೆ ‘ಗಂಡಸರು ಬರೆದ’ ಎನ್ನುವುದು ಪೂರ್ತಿ ನಿಜವಲ್ಲ. ಈ ಪ್ರಕಾರದ ಅತ್ಯುತ್ತಮ ಪ್ರೇಮಕಥೆಗಳಲ್ಲೊಂದಾದ ‘ತೊರಾದೊರಾ!’ದ 10 ಸಂಪುಟಗಳನ್ನು 2006ರಿಂದ 2009ರ ನಡುವೆ ಬರೆದವರು ತಾಕೆಮಿಯಾ ಯುಯುಕೊ ಎಂಬ ಲೇಖಕಿ. ಮೂವರು ಹುಡುಗಿಯರು, ಒಬ್ಬ ಹುಡುಗ, ಹೊರಗಿನ ಚೌಕಟ್ಟು ಅದೇ. ಕ್ರಿಸ್‌ಮಸ್‌ನ ರಾತ್ರಿ ತೈಗಾ ಎಂಬ ಸಿಡುಕಿ ಹುಡುಗಿ, ತಾನೇ ಮುಂದೆ ನಿಂತು ನಾಯಕ ರ್‍ಯೂಜಿಯನ್ನು ತನ್ನ ಗೆಳತಿ ಮಿನೊರಿಯ ಬಳಿಗೆ ಕಳಿಸಿಕೊಟ್ಟ ಮೇಲೆ, ಅವನಿಲ್ಲದ ಮನೆಯಲ್ಲಿ ನಿಲ್ಲಲಾರದೆ ಬೀದಿಗೆ ಓಡಿಬಂದು ಅವನ ಹೆಸರು ಕೂಗಿ ಅಳುತ್ತಾಳೆ. ಅದನ್ನು ಮಿನೊರಿ ನೋಡಿಬಿಡುತ್ತಾಳೆ. ಆ ಕ್ಷಣದಿಂದ ಕಥೆಯ ಭಾರವೆಲ್ಲ ಹುಡುಗಿಯರಿಬ್ಬರ ಸ್ನೇಹದ ಮೇಲೆ ಬೀಳುತ್ತದೆ. ಕೊನೆಯಲ್ಲಿ ಹುಡುಗ ಆರಿಸುತ್ತಾನೆ, ಆರಿಸದೆ ಉಳಿದವರಿಗೆ ಅದು ನೋಯುತ್ತದೆ, ಆ ನೋವನ್ನು ಪುಸ್ತಕ ಮುಚ್ಚಿಡುವುದಿಲ್ಲ.

ಹುಡುಗಿಯೊಬ್ಬಳ ಸುತ್ತ ಹಲವು ಹುಡುಗರಿರುವ ಕಥೆಗಳೂ ಹೇರಳವಾಗಿವೆ ಎಂಬುದು ತಮಗೆ ತಿಳಿದಿರಬಹುದು. ಹೆಣ್ಣುಮಕ್ಕಳಿಗಾಗಿ ಮಾಡಿದ ಇಂಥ ಗೇಮ್‌ಗಳ ಪರಂಪರೆ 1994ರ ‘ಆಂಜೆಲಿಕ್’ನಿಂದ ಮೊದಲಾಗುತ್ತದೆ. ಆ ಆಟವನ್ನು ರೂಪಿಸಿದ ತಂಡವೂ ಹೆಣ್ಣುಮಕ್ಕಳದೇ. ಬಯಸಲ್ಪಡಬೇಕೆಂಬ ಆಸೆಗೆ ಗಂಡು ಹೆಣ್ಣೆಂಬ ಭೇದವಿಲ್ಲ.

ನಿಜವಾದ ವ್ಯತ್ಯಾಸ ಯಾರು ನಿರೂಪಿಸುತ್ತಾರೆ ಎಂಬುದರಲ್ಲಿದೆ. ಗೆಂಜಿಯ ಕಥೆಯೂ ಒಬ್ಬ ಗಂಡಸು, ಹಲವು ಹೆಂಗಸರ ಕಥೆಯೇ. ಆದರೆ ಮುರಸಾಕಿ ಶಿಕಿಬು ಆ ಹೆಂಗಸರ ಮನಸ್ಸುಗಳೊಳಗೆ ಹೋಗಿ ಕುಳಿತು ಬರೆದಳು. ಅವನಿಗಾಗಿ ಕಾಯುವ ರಾತ್ರಿ ಎಷ್ಟು ಉದ್ದವೆಂಬುದು ಓದುಗರಿಗೆ ತಿಳಿಯುತ್ತದೆ. ಹರೆಮ್ ಲೈಟ್ ನಾವೆಲ್‌ಗಳಲ್ಲಿ ಹೆಚ್ಚಿನವು ಹುಡುಗನ ಬಾಯಿಂದಲೇ, ‘ನಾನು’ ಎಂದೇ ಸಾಗುತ್ತವೆ. ಅವನು ಮನೆಗೆ ಹೋದ ಮೇಲೆ ಆ ಐವರು ಏನು ಮಾಡುತ್ತಾರೆಂಬುದು ಅವನಿಗೆ ಗೊತ್ತಿಲ್ಲ, ಆದ್ದರಿಂದ ಪುಸ್ತಕಕ್ಕೂ ಗೊತ್ತಿಲ್ಲ. ಚರ್ಚಿಸಬಾರದು ಎನ್ನುವುದಕ್ಕಿಂತ, ಈ ಕೊರತೆಯನ್ನು ಹೆಸರಿಟ್ಟು ಚರ್ಚಿಸುವುದು ಒಳ್ಳೆಯದು.

ಪ್ರಶ್ನೆ: ಹರೆಮ್ ಕಥೆಗಳ ಕಾಲ ಮುಗಿಯಿತು ಎನ್ನುತ್ತಾರೆ, ನಿಜವೇ? ಈಗ ಓದಲು ಶುರುಮಾಡುವವರಿಗೆ ಯಾವ ಪುಸ್ತಕ ಹೇಳುತ್ತೀರಿ? (ಓದುಗರೊಬ್ಬರು, ಕಲಬುರಗಿ)

ಉತ್ತರ: ಮುಗಿದಿಲ್ಲ, ಆದರೆ 2010ರ ದಶಕದ ಕೊನೆಯಿಂದ ಒಬ್ಬಳೇ ನಾಯಕಿಯ ಪ್ರೇಮಕಥೆಗಳು ಬಲವಾಗಿ ತಲೆಯೆತ್ತಿವೆ. ಜಿಎ ಬುಂಕೊ ಮಾಲೆಯಲ್ಲಿ 2019ರಿಂದ ಬರುತ್ತಿರುವ, ಪಕ್ಕದ ಮನೆಯ ‘ದೇವತೆ’ಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಒಬ್ಬನೇ ವಾಸಿಸುವ ಹುಡುಗ ಮಳೆಯಲ್ಲಿ ನೆನೆಯುತ್ತಿದ್ದ ನೆರೆಮನೆಯ ಸಹಪಾಠಿಗೆ ಕೊಡೆ ಕೊಟ್ಟು ತಾನು ಶೀತ ಹಿಡಿಸಿಕೊಳ್ಳುತ್ತಾನೆ, ಅವಳು ಅವನ ಆರೈಕೆ ಮಾಡುತ್ತಾಳೆ, ದಿನಗಳೆದಂತೆ ಅಡುಗೆ ಮಾಡಿ ಬಡಿಸತೊಡಗುತ್ತಾಳೆ. ಸ್ಪರ್ಧಿಗಳಿಲ್ಲ, ಹೊಡೆದಾಟವಿಲ್ಲ. ಆಸೆ ಇಲ್ಲೂ ಇದೆ, ಆದರೆ ಐವರು ಬಯಸಬೇಕೆಂಬುದು ಹೋಗಿ, ಸಂಜೆ ಮನೆಗೆ ಬಂದಾಗ ಯಾರಾದರೂ ಊಟ ಬಡಿಸಿ ಎದುರು ಕುಳಿತಿರಬೇಕೆಂಬುದಕ್ಕೆ ಬಂದು ನಿಂತಿದೆ. ಆ ಅಡುಗೆಯನ್ನು ಯಾವಾಗಲೂ ಅವಳೇ ಏಕೆ ಮಾಡಬೇಕು ಎಂಬ ಪ್ರಶ್ನೆಯನ್ನು ಮಂಗಳೂರಿನ ಓದುಗರು ಕೇಳದೆ ಬಿಡಲಾರರು, ಕೇಳಲೇಬೇಕು.

ಶುರುಮಾಡುವವರಿಗೆ ನಾನು ಹೇಳುವುದು ಗಗಗ ಬುಂಕೊ ಮಾಲೆಯಲ್ಲಿ 2021ರಿಂದ ಅಮಾಮೊರಿ ತಾಕಿಬಿ ಬರೆಯುತ್ತಿರುವ, ‘ಮಕೆಯಿನ್’ ಎಂಬ ಮೊಟಕು ಹೆಸರಿನಿಂದ ಪ್ರಸಿದ್ಧವಾಗಿರುವ ಸರಣಿ. ತೊಯೊಹಾಶಿ ಊರಿನಲ್ಲಿ ನಡೆಯುವ ಈ ಕಥೆಗಳು ಪ್ರೀತಿಯಲ್ಲಿ ಆರಿಸಲ್ಪಡದ ಹುಡುಗಿಯರವು. ಕಥೆ ಆರಂಭವಾಗುವುದು ಹೋಟೆಲೊಂದರಲ್ಲಿ. ಬಾಲ್ಯದ ಗೆಳೆಯನನ್ನು ಅವನು ಮೆಚ್ಚಿದ ಇನ್ನೊಬ್ಬಳ ಬಳಿಗೆ ತಾನೇ ಹುರಿದುಂಬಿಸಿ ಕಳಿಸಿದ ಯಾನಾಮಿ ಅನ್ನಾ, ಅವನು ಎದ್ದುಹೋದ ಬಳಿಕ ಅವನು ಕುಡಿದು ಬಿಟ್ಟ ಲೋಟದ ಸ್ಟ್ರಾಗೆ ಬಾಯಿ ಹಾಕುತ್ತಾಳೆ. ಅದನ್ನು ಸಹಪಾಠಿಯೊಬ್ಬ ನೋಡಿಬಿಡುತ್ತಾನೆ. ಗೀಳಿನ ಅಂಚಿನಲ್ಲಿರುವ ಈ ಕೆಲಸವನ್ನು ಲೇಖಕರು ನಗೆಯೊಂದಿಗೆ ತೋರಿಸಿದರೂ ಅವಳನ್ನು ಅಲ್ಲಿಗೇ ಬಿಡುವುದಿಲ್ಲ. ನಾಳೆ ತರಗತಿಯಲ್ಲಿ ಆ ಇಬ್ಬರ ಮುಖ ನೋಡಬೇಕು, ಹೋಟೆಲ್ ಬಿಲ್ಲಿಗೆ ಹಣ ಸಾಲದೆ ಆ ಸಹಪಾಠಿಯ ಬಳಿ ಮಾಡಿದ ಸಾಲವನ್ನು ದಿನಾ ಮಧ್ಯಾಹ್ನದ ಬುತ್ತಿ ತಂದುಕೊಟ್ಟು ತೀರಿಸಬೇಕು. ಆರಿಸಲ್ಪಡದವಳಿಗೆ ಮರುದಿನವೊಂದು ಇದೆ ಎಂಬಲ್ಲಿಂದ ಆ ಕಾದಂಬರಿ ಹೊರಡುತ್ತದೆ.